ಮಕ್ಕಳ ಪಾಲಿನ ಅರ್ಧ ಗಂಟೆ

ದೇಶದ ಖಾಸಗಿ ಟೀವಿ ವಾಹಿನಿಗಳು ದಿನಕ್ಕೆ ಅರ್ಧ ಗಂಟೆ ಸಾರ್ವಜನಿಕ ಹಿತದ ಕಾರ್ಯಕ್ರಮ ಕೊಡಬೇಕು ಎಂದು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಯಾವ ಯಾವ ವಿಷಯ ಎಂಬುದಕ್ಕೆ ಎಂಟು ಬಾಬತ್ತುಗಳ ಪಟ್ಟಿಯೂ ಅದರಲ್ಲಿದೆ. ಶಿಕ್ಷಣ ಮತ್ತು ಸಾಕ್ಷರತೆ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ, ಆರೋಗ್ಯ ಮತ್ತು ಕುಟುಂಬ ಕಲ್ಯಾಣ, ವಿಜ್ಞಾನ ಮತ್ತು ತಂತ್ರಜ್ಞಾನ, ಮಹಿಳೆಯರ ಕಲ್ಯಾಣ, ದುರ್ಬಲ ವರ್ಗದವರ ಕಲ್ಯಾಣ, ಪರಿಸರ ಮತ್ತು ಪರಂಪರೆಯ ರಕ್ಷಣೆ, ರಾಷ್ಟ್ರೀಯ ಭಾವೈಕ್ಯ. ಮೇಲಿನಿಂದ ಕೆಳಗೆ ಎರಡು ಸಲ ಓದಿದರೂ ಮಕ್ಕಳು ಎಂಬ ಪದ ಸಿಗುವುದಿಲ್ಲ. ಶಿಕ್ಷಣ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ತೊಂದರೆ ಇರುವುದೇ ಅಲ್ಲಿ. ಮಗು ಎಂದರೆ ವಿದ್ಯಾರ್ಥಿ, ಮಕ್ಕಳ ಕಾರ್ಯಕ್ರಮ ಎಂದರೆ ಪಾಠ ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ನಗುವುದಕ್ಕೆ, ಹೆದರುವುದಕ್ಕೆ, ತನ್ನ ಊರಿನಂಥದೇ ಊರೊಂದನ್ನು ತೆರೆಯ ಮೇಲೆ ಕಾಣುವುದಕ್ಕೆ ಮಗುವಿಗೂ ಹಕ್ಕಿದೆ ಎಂಬುದು ಆ ತೀರ್ಮಾನದಲ್ಲಿ ಸೇರಿಲ್ಲ.

ಸಾರ್ವಜನಿಕ ಸೇವಾ ಮಾಧ್ಯಮ ಎಂಬ ಮಾತು ಭಾರವಾಗಿ ಕೇಳಿಸುತ್ತದೆ, ಅರ್ಥ ಸರಳ. ಜನರ ದುಡ್ಡಿನಲ್ಲಿ ನಡೆಯುವ, ಜನರಿಗೆ ಉತ್ತರ ಹೇಳಬೇಕಾದ, ಜಾಹೀರಾತುದಾರನ ಮರ್ಜಿಗೂ ಸರ್ಕಾರದ ಮರ್ಜಿಗೂ ಸಿಕ್ಕಿಕೊಳ್ಳಬಾರದ ರೇಡಿಯೊ, ಟೀವಿ, ಈಗ ಅಂತರ್ಜಾಲ. ಬ್ರಿಟನ್ನಿನ ಬಿಬಿಸಿ, ಜಪಾನಿನ ಎನ್‌ಎಚ್‌ಕೆ, ನಾರ್ವೆಯ ಎನ್‌ಆರ್‌ಕೆ ಇಂಥವು. ನಮ್ಮಲ್ಲಿ ಆ ಜಾಗದಲ್ಲಿರುವುದು ಆಕಾಶವಾಣಿ ಮತ್ತು ದೂರದರ್ಶನ, ಎರಡನ್ನೂ ನಡೆಸುವ ಪ್ರಸಾರ ಭಾರತಿ. 1990ರಲ್ಲಿ ಪಾಸಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಮು ಈ ಸಂಸ್ಥೆಯ ಕರ್ತವ್ಯಗಳನ್ನು ಹೇಳುತ್ತದೆ. ಯುವಜನರ ವಿಶೇಷ ಅಗತ್ಯಗಳನ್ನು ಪೂರೈಸುವುದು ಅವುಗಳಲ್ಲೊಂದು. ಮಕ್ಕಳ ಹಿತ ಕಾಯಲು ವಿಶೇಷ ಕ್ರಮ ಕೈಗೊಳ್ಳುವುದು ಇನ್ನೊಂದು. ಅಂದರೆ ಖಾಸಗಿಯವರ ಪಟ್ಟಿಯಲ್ಲಿ ಬಿಟ್ಟುಹೋದ ಮಗು ಸರ್ಕಾರಿ ಕಾಯ್ದೆಯಲ್ಲಿ ಇದೆ. ಇಲ್ಲದಿರುವುದು ಒಂದು ಅಂಕಿ. ಎಷ್ಟು ಗಂಟೆ, ಯಾವ ಭಾಷೆಯಲ್ಲಿ, ಎಷ್ಟು ಹಣದಲ್ಲಿ ಎಂದು ಕಾಯ್ದೆ ಹೇಳುವುದಿಲ್ಲ.

ಅಂಕಿ ಇಲ್ಲದ ಕರ್ತವ್ಯಕ್ಕೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ತೋರಿಸಿಕೊಟ್ಟಿದೆ. ಅಲ್ಲಿ ಬಿಬಿಸಿ ಮಾತ್ರವಲ್ಲ, ಐಟಿವಿಯಂಥ ಖಾಸಗಿ ವಾಹಿನಿಗಳೂ ವಾರಕ್ಕೆ ಇಂತಿಷ್ಟು ಹೊತ್ತು ಮಕ್ಕಳ ಕಾರ್ಯಕ್ರಮ ಕೊಡಲೇಬೇಕೆಂಬ ಕಟ್ಟಳೆಯಿತ್ತು. ಬಿಬಿಸಿ ಮತ್ತು ಐಟಿವಿ ಮಕ್ಕಳಿಗಾಗಿ ಪೈಪೋಟಿ ನಡೆಸುತ್ತಿದ್ದವು. ಆ ಪೈಪೋಟಿಯಲ್ಲಿ ಒಳ್ಳೆಯ ನಾಟಕ, ಒಳ್ಳೆಯ ಬೊಂಬೆ ಕಥೆಗಳು ಹುಟ್ಟಿದವು. 2003ರ ಸಂವಹನ ಕಾಯ್ದೆ ಖಾಸಗಿಯವರ ಮೇಲಿದ್ದ ಗಂಟೆಯ ಲೆಕ್ಕವನ್ನು ತೆಗೆದುಹಾಕಿತು. ಮಕ್ಕಳ ಕಾರ್ಯಕ್ರಮ ಇರಬೇಕು ಎಂಬ ಮಾತು ಮಾತ್ರ ಉಳಿಯಿತು. ಮೂರು ವರ್ಷ ಕಳೆಯುವುದರೊಳಗೆ, 2006ರಲ್ಲಿ, ಐಟಿವಿ ತನ್ನ ಮಕ್ಕಳ ಕಾರ್ಯಕ್ರಮ ತಯಾರಿಕೆಯ ಘಟಕವನ್ನೇ ಮುಚ್ಚಿತು. ಅದೇ ಹೊತ್ತಿಗೆ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ ತೋರಿಸಬಾರದೆಂಬ ನಿಯಮ ಬಂತು. ನಿಯಮ ಸರಿಯಾದದ್ದೇ. ಆದರೆ ಆ ಜಾಹೀರಾತುಗಳಿಂದ ಬರುತ್ತಿದ್ದ ಹಣ ನಿಂತಾಗ ಅದರ ಬದಲಿಗೆ ಯಾವ ಹಣ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಅಲ್ಲಿಂದ ಮುಂದೆ ಬ್ರಿಟನ್ನಿನಲ್ಲೇ ತಯಾರಾದ ಹೊಸ ಮಕ್ಕಳ ಕಾರ್ಯಕ್ರಮ ಎಂದರೆ ಬಹುಮಟ್ಟಿಗೆ ಬಿಬಿಸಿಯದ್ದು ಎಂಬಂತಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಐಟಿವಿಯ ಮಕ್ಕಳ ವಾಹಿನಿ ಸಿಐಟಿವಿಯೂ ನಿಂತು, ಅದರ ಸರಕು ಅಂತರ್ಜಾಲದ ಸೇವೆಗೆ ಹೋಯಿತು.

ನಡುವೆ ಒಂದು ಒಳ್ಳೆಯ ಪ್ರಯತ್ನ ನಡೆದಿತ್ತು. 2019ರಲ್ಲಿ ಬ್ರಿಟಿಷ್ ಸರ್ಕಾರ ಎಳೆಯರ ಕಾರ್ಯಕ್ರಮಗಳಿಗೆಂದೇ ಒಂದು ನಿಧಿ ತೆರೆಯಿತು, ಅಲ್ಲಿನ ಚಲನಚಿತ್ರ ಸಂಸ್ಥೆ ಅದನ್ನು ನೋಡಿಕೊಂಡಿತು. ಜನ ಕಟ್ಟುವ ಟೀವಿ ಶುಲ್ಕದಲ್ಲಿ ಬೇರೆ ಕೆಲಸಕ್ಕೆ ಇಟ್ಟು ಖರ್ಚಾಗದೆ ಉಳಿದಿದ್ದ ಹಣ ಅದು. ಎಲ್ಲರಿಗೂ ಉಚಿತವಾಗಿ ಸಿಗುವ ವಾಹಿನಿಯೊಂದು ಪ್ರಸಾರ ಮಾಡುತ್ತೇನೆಂದು ಒಪ್ಪಿದರೆ ತಯಾರಿಕೆಯ ವೆಚ್ಚದಲ್ಲಿ ಅರ್ಧದವರೆಗೂ ನಿಧಿ ಭರಿಸುತ್ತಿತ್ತು. ವೆಲ್ಷ್, ಗೇಲಿಕ್ ಭಾಷೆಯ ಕಾರ್ಯಕ್ರಮಗಳಿಗೂ ಅದರಲ್ಲಿ ಪಾಲಿತ್ತು. ವರ್ಷಗಳಿಂದ ಕೈಬಿಟ್ಟಿದ್ದ ಖಾಸಗಿ ವಾಹಿನಿಗಳು ಮತ್ತೆ ಮಕ್ಕಳತ್ತ ತಿರುಗಿದವು. ಮೂರು ವರ್ಷದ ಪ್ರಯೋಗ ಮುಗಿಯಿತು ಎಂದು 2022ರಲ್ಲಿ ನಿಧಿಯನ್ನು ಮುಚ್ಚಿದರು. ಫಲ ಕಾಣುತ್ತಿದ್ದಾಗಲೇ ನೀರು ನಿಲ್ಲಿಸಿದ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ.

ಕನ್ನಡದವರು ನೋಡಬೇಕಾದದ್ದು ಲಂಡನ್ನಿಗಿಂತ ಹೆಚ್ಚಾಗಿ ವೇಲ್ಸನ್ನು. ಇಂಗ್ಲಿಷಿನ ಮಗ್ಗುಲಲ್ಲೇ ಬದುಕುತ್ತಿರುವ ವೆಲ್ಷ್ ಭಾಷೆಯನ್ನು ಆಡುವವರು 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ಸುಮಾರು 5 ಲಕ್ಷ 38 ಸಾವಿರ. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಲ್ಲೇ 4 ಕೋಟಿ 37 ಲಕ್ಷ. ಆ ಪುಟ್ಟ ಭಾಷೆಗೆ 1982ರ ನವೆಂಬರ್ 1ರಿಂದ ಸ್ವಂತ ಟೀವಿ ವಾಹಿನಿ ಇದೆ, ಹೆಸರು ಎಸ್4ಸಿ. ಅದೇನೂ ಸುಮ್ಮನೆ ಬಂದದ್ದಲ್ಲ. ವೆಲ್ಷ್ ವಾಹಿನಿ ಕೊಡುತ್ತೇವೆಂದು ಚುನಾವಣೆಯಲ್ಲಿ ಹೇಳಿದ್ದ ಥ್ಯಾಚರ್ ಸರ್ಕಾರ ಮಾತು ತಪ್ಪಲು ಹೊರಟಾಗ, 1980ರಲ್ಲಿ ಗ್ವಿನ್‌ಫೋರ್ ಎವಾನ್ಸ್ ಎಂಬ ಹಿರಿಯ ನಾಯಕರು ಸಾಯುವವರೆಗೆ ಉಪವಾಸ ಮಾಡುವುದಾಗಿ ಘೋಷಿಸಿದರು. ಕೆಲವೇ ತಿಂಗಳಲ್ಲಿ ಸರ್ಕಾರ ಮಣಿಯಿತು. ನಮ್ಮ ಗೋಕಾಕ್ ಚಳವಳಿ ಬೀದಿಗೆ ಬಂದದ್ದೂ 1982ರಲ್ಲೇ. ನಾವು ಶಾಲೆಯಲ್ಲಿ ಭಾಷೆಯ ಸ್ಥಾನಕ್ಕಾಗಿ ಹೋರಾಡಿದೆವು, ಅವರು ತೆರೆಯ ಮೇಲಿನ ಸ್ಥಾನಕ್ಕಾಗಿ ಹೋರಾಡಿದರು. ಎರಡೂ ಬೇಕಾದವೇ. ನಾವು ಎರಡನೆಯದನ್ನು ಕೇಳುವುದನ್ನು ಮರೆತೆವು.

ಎಸ್4ಸಿ ಶುರುವಾದ ಹೊತ್ತಿನಲ್ಲೇ ಮಾಡಿದ ಕೆಲಸಗಳಲ್ಲಿ ಒಂದು ಮಕ್ಕಳ ಅನಿಮೇಷನ್. ಸೂಪರ್‌ಟೆಡ್ ಎಂಬ ಕರಡಿ ಬೊಂಬೆಯ ಕಥೆ ಕಾರ್ಡಿಫ್ ನಗರದಲ್ಲಿ ತಯಾರಾಗಿ ಮೊದಲು ವೆಲ್ಷ್‌ನಲ್ಲಿ ಪ್ರಸಾರವಾಯಿತು. ಆಮೇಲೆ ಇಂಗ್ಲಿಷಿಗೆ ಹೋಗಿ ಬಿಬಿಸಿಯಲ್ಲಿ, ಅಲ್ಲಿಂದ ಅಮೆರಿಕದ ಡಿಸ್ನಿ ವಾಹಿನಿಯಲ್ಲಿ ಕಾಣಿಸಿತು. 1987ರಲ್ಲಿ ಬಂದ ಬೆಂಕಿ ನಂದಿಸುವ ಸ್ಯಾಮ್‌ನ ಕಥೆಯೂ ಹೀಗೆಯೇ ವೆಲ್ಷ್‌ನಲ್ಲಿ ಮೊದಲು, ಇಂಗ್ಲಿಷಿನಲ್ಲಿ ಆಮೇಲೆ. ಇವತ್ತು ಆ ಸ್ಯಾಮ್‌ನನ್ನು ಲೋಕದ ಬೇರೆ ಬೇರೆ ಭಾಷೆಯ ಮಕ್ಕಳು ಬಲ್ಲರು. 2008ರಿಂದ ಎಸ್4ಸಿಯಲ್ಲಿ ಶಾಲೆಗೆ ಹೋಗುವ ಮುಂಚಿನ ವಯಸ್ಸಿನವರಿಗೆಂದೇ ಕಿವ್ ಎಂಬ ಸೇವೆ ಇದೆ. ಆ ಪದದ ಅರ್ಥ ಕೋಳಿಮರಿ. ಅಪ್ಪ ಅಮ್ಮನಿಗೆ ವೆಲ್ಷ್ ಬಾರದ ಮನೆಯಲ್ಲೂ ಮಗು ಅದನ್ನು ನೋಡಿ ಭಾಷೆ ಕಲಿಯಲಿ ಎಂಬುದು ಲೆಕ್ಕಾಚಾರ. 2050ರ ಹೊತ್ತಿಗೆ ಹತ್ತು ಲಕ್ಷ ಜನ ವೆಲ್ಷ್ ಮಾತಾಡಬೇಕು ಎಂಬ ಗುರಿ ಇಟ್ಟುಕೊಂಡ ನಾಡಿಗೆ ಭಾಷೆ ಉಳಿಯುವುದು ಎಲ್ಲಿಂದ ಎಂಬುದು ಗೊತ್ತಿದೆ.

ನಮ್ಮ ಕಥೆಗೆ ಬರೋಣ. ಕನ್ನಡದಲ್ಲಿ ಮಕ್ಕಳ ಟೀವಿ ಶುರುವಾದದ್ದು ಬೆಂಗಳೂರಿನಲ್ಲಲ್ಲ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ ಸೈಟ್ ಎಂಬ ಪ್ರಯೋಗ ನಡೆಸಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕೋಳಿಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಬುಟ್ಟಿ ಆಂಟೆನಾ ನಿಲ್ಲಿಸಿ, ಒಂದೊಂದು ಟೀವಿ ಇಟ್ಟರು. ಕರೆಂಟಿಲ್ಲದ ಕೆಲವು ಊರುಗಳಲ್ಲಿ ಟೀವಿ ಬ್ಯಾಟರಿಯ ಮೇಲೆ ನಡೆಯಿತು. ಬೆಳಗಿನ ಒಂದೂವರೆ ಗಂಟೆ ಪೂರ್ತಿ 5ರಿಂದ 12 ವರ್ಷದ ಮಕ್ಕಳದ್ದು. ಹಿಂದಿ, ತೆಲುಗು, ಕನ್ನಡ, ಒಡಿಯಾ, ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ. ಸುತ್ತಮುತ್ತಲಿನ ವಸ್ತುಗಳನ್ನೇ ಹಿಡಿದು ವಿಜ್ಞಾನ ಹೇಳುವ ಕಾರ್ಯಕ್ರಮಗಳನ್ನು ಇಸ್ರೊ ತಾನೇ ಮಾಡಿಸಿತ್ತು.

ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲೇ, ರಾಜಧಾನಿಯ ಮಕ್ಕಳು ಕನ್ನಡದಲ್ಲಿ ಟೀವಿ ನೋಡುವ ಮೊದಲೇ, ಉತ್ತರ ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳು ತಮಗೆಂದೇ ಮಾಡಿದ ಕಾರ್ಯಕ್ರಮ ನೋಡಿದ್ದರು. ಹೊಸ ತಂತ್ರಜ್ಞಾನ ಕೈಗೆ ಬಂದಾಗ ಮೊದಲು ಯಾರಿಗೆ ಎಂಬ ಪ್ರಶ್ನೆಗೆ ಈ ದೇಶ ಕೊಟ್ಟ ಉತ್ತಮ ಉತ್ತರಗಳಲ್ಲಿ ಅದೊಂದು. ವರ್ಷ ಮುಗಿದ ಮೇಲೆ ನಾಸಾ ಉಪಗ್ರಹವನ್ನು ವಾಪಸು ಸರಿಸಿಕೊಂಡಿತು. ಮಕ್ಕಳಿಗೆಂದು ಮೀಸಲಾಗಿದ್ದ ಬೆಳಗಿನ ಹೊತ್ತು ಆ ಪ್ರಮಾಣದಲ್ಲಿ ಮತ್ತೆ ಬರಲಿಲ್ಲ.

ಆಮೇಲೆಯೂ ಒಳ್ಳೆಯ ಕೆಲಸ ನಡೆದೇ ಇದೆ, ಬಿಡಿಬಿಡಿಯಾಗಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರೇಡಿಯೊದ್ದು. ರಾಜ್ಯದ ಶಿಕ್ಷಣ ಇಲಾಖೆ ಆಕಾಶವಾಣಿಯ ಜೊತೆ ಸೇರಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗಾಗಿ ನಡೆಸಿದ 'ಚಿಣ್ಣರ ಚುಕ್ಕಿ', 'ಚುಕ್ಕಿ-ಚಿನ್ನ', 'ಕೇಳಿ-ಕಲಿ' ಸರಣಿಗಳು. ಟೀಚರು ಹೊತ್ತಿಗೆ ಸರಿಯಾಗಿ ರೇಡಿಯೊ ಹಾಕಬೇಕು, ಮಕ್ಕಳು ಸುತ್ತ ಕೂರಬೇಕು. 'ಚಿಣ್ಣರ ಚುಕ್ಕಿ'ಯಂಥ ಸರಣಿಯ ಚಂದ ಇರುವುದು ಅದರ ಮೌನದಲ್ಲಿ. ರೇಡಿಯೊದೊಳಗಿನ ಪಾತ್ರ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಆ ಕೆಲವು ಸೆಕೆಂಡು ಮಕ್ಕಳದ್ದು. ಇಡೀ ತರಗತಿ ಕೂಗಿ ಉತ್ತರ ಹೇಳುತ್ತದೆ, ರೇಡಿಯೊ ಕೇಳಿಸಿಕೊಂಡಂತೆ ಮಾತು ಮುಂದುವರಿಸುತ್ತದೆ, ಹಾಡು ಬಂದರೆ ಎದ್ದು ಕುಣಿಯಬೇಕು. ಬರೆಯುವವರು ಆ ಮೌನವನ್ನೂ ಬರೆಯಬೇಕಾಗುತ್ತದೆ: ಎರಡನೇ ತರಗತಿಯ ಮಗು ಯೋಚಿಸಲು ಎಷ್ಟು ಹೊತ್ತು ಬೇಕು, ಹಿಂದಿನ ಸಾಲಿನ ಸಂಕೋಚದ ಹುಡುಗಿ ಬಾಯಿ ಬಿಡಲು ಇನ್ನೆಷ್ಟು ಬೇಕು. ಸ್ಟುಡಿಯೊದಲ್ಲಿ ಕೂತು ಮಕ್ಕಳಿಗೆ ಮಾತಾಡುವವರು ಬಹಳ, ಮಕ್ಕಳ ಉತ್ತರಕ್ಕೆ ಜಾಗ ಬಿಡುವವರು ಕಡಿಮೆ. ಆ ಕಸುಬು ಕನ್ನಡಕ್ಕೆ ಬಂದಿದೆ.

ಕೊರೋನಾ ಬಂದು ಶಾಲೆ ಮುಚ್ಚಿದಾಗ ಸರ್ಕಾರ ಓಡಿ ಹೋಗಿ ಹಿಡಿದುಕೊಂಡಿದ್ದೂ ದೂರದರ್ಶನದ ಚಂದನ ವಾಹಿನಿಯನ್ನೇ. 2020ರಲ್ಲಿ 'ಸೇತುಬಂಧ', ಆಮೇಲೆ 'ಸಂವೇದ' ಪಾಠಗಳು ಅದರಲ್ಲಿ ಬಂದವು. ಸ್ಮಾರ್ಟ್‌ಫೋನು, ಡೇಟಾ ಇಲ್ಲದ ಮನೆಯ ಮಕ್ಕಳಿಗೆ ಅದೊಂದೇ ಕಿಟಕಿ. 2021ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಎರಡನೇ ಸಲ ಶಾಲೆ ಮುಚ್ಚಿದಾಗ ಬಿಬಿಸಿಯೂ ಪ್ರಾಥಮಿಕ ತರಗತಿಗೆ ದಿನಕ್ಕೆ ಮೂರು ಗಂಟೆ, ಪ್ರೌಢಶಾಲೆಗೆ ಎರಡು ಗಂಟೆ ಪಾಠ ಹಾಕಿತು. ವ್ಯತ್ಯಾಸ ಇಷ್ಟೇ: ಅಲ್ಲಿ ಪಾಠ ಮುಗಿದ ಮೇಲೆ ಅದೇ ವಾಹಿನಿಯಲ್ಲಿ ಮಕ್ಕಳ ಸುದ್ದಿ ಇತ್ತು, ನಾಟಕವಿತ್ತು, ನಗು ಇತ್ತು. ಯಾಕೆ ಶಾಲೆ ಮುಚ್ಚಿದೆ, ಅಜ್ಜಿಯ ಮನೆಗೆ ಯಾಕೆ ಹೋಗಬಾರದು ಎಂದು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವ 'ನ್ಯೂಸ್‌ರೌಂಡ್' 1972ರಿಂದ ನಡೆದುಕೊಂಡು ಬಂದಿತ್ತು. ನೆದರ್ಲೆಂಡ್ಸ್‌ನಲ್ಲಿ 1981ರಿಂದ ಮಕ್ಕಳ ಸುದ್ದಿಯಿದೆ. ನಮ್ಮ ಮಗು ಆ ದಿನಗಳಲ್ಲಿ ಬೆಳಿಗ್ಗೆ ಗಣಿತದ ಪಾಠ ನೋಡಿ, ಸಂಜೆ ದೊಡ್ಡವರ ಸುದ್ದಿ ವಾಹಿನಿಯ ಅಬ್ಬರ ನೋಡಿ ಮಲಗಿತು. ನಡುವೆ ಅದರ ಜೊತೆ ಮಾತಾಡುವವರು ಯಾರೂ ಇರಲಿಲ್ಲ.

ಖಾಸಗಿಯವರು ಏನೂ ಮಾಡಿಲ್ಲ ಎನ್ನುವುದು ತಪ್ಪಾಗುತ್ತದೆ. ಸನ್ ಸಮೂಹ 2009ರಲ್ಲಿ ಚಿಂಟು ಟೀವಿ ಶುರು ಮಾಡಿದಾಗ ಮೊದಲ ಬಾರಿಗೆ ಕನ್ನಡದ ಮಕ್ಕಳಿಗೆ ಇಡೀ ದಿನದ ವಾಹಿನಿ ಸಿಕ್ಕಿತು. ಅಷ್ಟು ವರ್ಷ ಡಬ್ಬಿಂಗ್ ಬೇಡವೆಂಬ ಹಟದಲ್ಲಿ ನಾವು ಮಕ್ಕಳ ಕಾರ್ಯಕ್ರಮವನ್ನೂ, ವಿಜ್ಞಾನದ ಕಾರ್ಯಕ್ರಮವನ್ನೂ ಬೇರೆ ಭಾಷೆಗೆ ಬಿಟ್ಟುಕೊಟ್ಟಿದ್ದೆವು. ನಮ್ಮ ಮಕ್ಕಳು ಕಾರ್ಟೂನಿನಿಂದಲೇ ಹಿಂದಿ, ತಮಿಳು ಕಲಿತರು. ಡಬ್ಬಿಂಗ್ ತಡೆಯುವುದು ನ್ಯಾಯವಲ್ಲವೆಂದು ಸ್ಪರ್ಧಾ ಆಯೋಗ 2015ರಲ್ಲಿ ಹೇಳಿದ ಮೇಲೆ ಬಾಗಿಲು ಇನ್ನಷ್ಟು ತೆರೆಯಿತು. ಡಬ್ಬಿಂಗ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಅದು ಮಾತನ್ನು ತರುತ್ತದೆ, ಊರನ್ನು ತರುವುದಿಲ್ಲ. ಕಾರ್ಟೂನಿನ ಹುಡುಗ ಕನ್ನಡ ಮಾತಾಡುತ್ತಾನೆ, ಆದರೆ ಅವನ ಶಾಲೆ, ಅವನ ಊಟ, ಅವನ ಮನೆಯ ಜಗಲಿ ಬೇರೆಲ್ಲಿಯದೋ. ಅವನ ಕನ್ನಡವೂ ಯಾವ ಊರಿನದೂ ಅಲ್ಲದ ಕನ್ನಡ. ಧಾರವಾಡದ ಮಗು, ಕುಂದಾಪುರದ ಮಗು, ಬೀದರಿನ ಮಗು ತನ್ನ ಮನೆಯ ಮಾತನ್ನು ತೆರೆಯ ಮೇಲೆ ಕೇಳುವುದು ಹಾಸ್ಯದ ಪಾತ್ರದ ಬಾಯಲ್ಲಿ ಮಾತ್ರ.

ಮಾರುಕಟ್ಟೆ ಇದನ್ನು ಯಾಕೆ ಸರಿಪಡಿಸುವುದಿಲ್ಲ ಎಂಬುದಕ್ಕೆ ಕೆಟ್ಟತನ ಕಾರಣವಲ್ಲ, ಲೆಕ್ಕ ಕಾರಣ. ಜಾಹೀರಾತುದಾರ ದುಡ್ಡು ಕೊಡುವುದು ಕೊಳ್ಳುವವರ ಕಣ್ಣಿಗೆ, ಮಗು ಕೊಳ್ಳುವುದಿಲ್ಲ. ಒಂದು ಕಾರ್ಟೂನನ್ನು ಒಮ್ಮೆ ಮಾಡಿ ಹತ್ತು ಭಾಷೆಯಲ್ಲಿ ದನಿ ಕೂಡಿಸುವುದು ಅಗ್ಗ, ಕನ್ನಡಕ್ಕೆಂದೇ ಹೊಸದಾಗಿ ಮಾಡುವುದು ತುಟ್ಟಿ. ಯೂಟ್ಯೂಬಿನ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಮಕ್ಕಳ ಮಾಹಿತಿಯನ್ನು ಕಾನೂನು ಮೀರಿ ಸಂಗ್ರಹಿಸಿದ್ದಕ್ಕೆ 2019ರಲ್ಲಿ ಅಮೆರಿಕದಲ್ಲಿ ಅದರ ಒಡೆಯ ಸಂಸ್ಥೆ 17 ಕೋಟಿ ಡಾಲರ್ ಕಟ್ಟಬೇಕಾಯಿತು. 2020ರ ಜನವರಿಯಿಂದ ಮಕ್ಕಳಿಗೆಂದು ಗುರುತು ಹಾಕಿದ ವಿಡಿಯೊಗಳಲ್ಲಿ ನೋಡುಗನ ಜಾಡು ಹಿಡಿದು ತೋರಿಸುವ ಜಾಹೀರಾತು ನಿಂತಿತು. ಸರಿಯಾದ ಕ್ರಮವೇ. ಅದರ ಇನ್ನೊಂದು ಮುಖವೆಂದರೆ ಅಂಥ ವಿಡಿಯೊದ ಗಳಿಕೆ ಇಳಿಯಿತು. ಗಳಿಕೆ ಇಳಿದ ಕಡೆ ಬದುಕುವುದು ಅಗ್ಗವಾಗಿ, ರಾಶಿ ರಾಶಿಯಾಗಿ ಮಾಡಿದ ಸರಕು. ಊಟದ ಹೊತ್ತಿಗೆ ಫೋನು ಹಿಡಿದ ಯಾವ ಮೂರು ವರ್ಷದ ಮಗುವಿನ ಪಕ್ಕದಲ್ಲಾದರೂ ಇಪ್ಪತ್ತು ನಿಮಿಷ ಕೂತು ನೋಡಿ. ಶುರುವಾದದ್ದು ಕನ್ನಡದ ಆನೆ ಹಾಡು. ಅದು ಮುಗಿದು ತಾನಾಗಿ ಬಂದದ್ದು ಅದೇ ಬಣ್ಣದ ಇನ್ನೊಂದು ಆನೆ, ಇಂಗ್ಲಿಷಿನಲ್ಲಿ. ಆಮೇಲೆ ಮಾತೇ ಇಲ್ಲದೆ ಯಾರದೋ ಕೈ ಪ್ಲಾಸ್ಟಿಕ್ ಮೊಟ್ಟೆ ಒಡೆದು ಆಟಿಕೆ ತೆಗೆಯುವ ದೃಶ್ಯ. ತುತ್ತು ಬಾಯಲ್ಲೇ ಇದೆ, ಮಗು ಅಗಿಯುವುದನ್ನು ಮರೆತಿದೆ. ಆ ಇಪ್ಪತ್ತು ನಿಮಿಷದಲ್ಲಿ ಮಗುವಿಗೆ ಏನು ತೋರಿಸಬೇಕೆಂದು ಯಾವ ಮನುಷ್ಯರೂ ಕೂತು ತೀರ್ಮಾನಿಸಿಲ್ಲ.

ಫೋನು ಕಸಿದುಕೊಳ್ಳುವುದು ಪರಿಹಾರ ಎಂಬ ವಾದ ಈಗ ಜೋರಾಗಿದೆ. ಆಸ್ಟ್ರೇಲಿಯ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ನಿಷೇಧಿಸಿದೆ. ನಮ್ಮ 2023ರ ದತ್ತಾಂಶ ರಕ್ಷಣೆ ಕಾಯ್ದೆಯೂ 18 ವರ್ಷದೊಳಗಿನವರ ಜಾಡು ಹಿಡಿಯಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ಹಾಕಬಾರದು ಎನ್ನುತ್ತದೆ. ಬೇಲಿ ಬೇಕು, ನಾನು ಒಪ್ಪುತ್ತೇನೆ. ಆದರೆ ಬೇಲಿಯ ಒಳಗೆ ಏನಿದೆ? ಆಸ್ಟ್ರೇಲಿಯದಲ್ಲಿ ಒಳಗೆ ಎಬಿಸಿ ಎಂಬ ಸಾರ್ವಜನಿಕ ಸೇವಾ ಸಂಸ್ಥೆ ಇದೆ. 2018ರಲ್ಲಿ ಅದರ ಮಕ್ಕಳ ವಾಹಿನಿಯಲ್ಲಿ ಶುರುವಾದ 'ಬ್ಲೂಯಿ' ಇವತ್ತು ಲೋಕಪ್ರಸಿದ್ಧ. ಬ್ರಿಸ್ಬೇನಿನ ಒಂದು ನಾಯಿ ಕುಟುಂಬ, ಅಲ್ಲಿಯ ಉಚ್ಚಾರಣೆ, ಅಲ್ಲಿಯ ಹಿತ್ತಲು, ಅಲ್ಲಿಯ ಸೆಕೆ. ಸ್ಥಳೀಯವಾಗಿದ್ದರೆ ಲೋಕಕ್ಕೆ ರುಚಿಸುವುದಿಲ್ಲ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

ಹದಿಹರೆಯದವರ ಮಾತು ಬೇರೆ, ಅವರನ್ನು ಹಿಡಿಯುವುದು ಇನ್ನೂ ಕಷ್ಟ. ಮಕ್ಕಳ ಕಾರ್ಯಕ್ರಮ ಎಂದರೆ ಮೂಗು ಮುರಿಯುತ್ತಾರೆ, ದೊಡ್ಡವರ ಧಾರಾವಾಹಿ ಅವರದ್ದಲ್ಲ. ನಾರ್ವೆಯ ಎನ್‌ಆರ್‌ಕೆ ಇದಕ್ಕೆ ಕಂಡುಕೊಂಡ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹದಿನಾರರ ಹುಡುಗಿಯರು ತನ್ನ ಕೈಬಿಟ್ಟು ಹೋಗುತ್ತಿದ್ದಾರೆ ಎಂದು ಅರಿತ ಸಂಸ್ಥೆ ಅವರಿಗಾಗಿ ಒಂದು ಧಾರಾವಾಹಿ ಮಾಡಲು ಯೂಲಿಯೆ ಆಂಡೆಮ್ ಎಂಬ ನಿರ್ದೇಶಕಿಗೆ ಒಪ್ಪಿಸಿತು. ಅವರ ತಂಡ ಕಥೆ ಬರೆಯುವ ಮೊದಲು ತಿಂಗಳುಗಟ್ಟಲೆ ಹುಡುಗ ಹುಡುಗಿಯರ ಜೊತೆ ಕೂತು ಮಾತಾಡಿತು. ನಿಮಗೆ ಯಾವುದರ ಭಯ, ಯಾವುದರ ಒತ್ತಡ, ಮನೆಯಲ್ಲಿ ಯಾವುದನ್ನು ಹೇಳಲಾಗುವುದಿಲ್ಲ. ಹಾಗೆ ಹುಟ್ಟಿದ 'ಸ್ಕಾಮ್' 2015ರಿಂದ 2017ರವರೆಗೆ ನಾಲ್ಕು ಸೀಸನ್‌ಗಳಲ್ಲಿ ಬಂತು. ಕಥೆಯಲ್ಲಿ ಮಂಗಳವಾರ ಮಧ್ಯಾಹ್ನ ನಡೆಯುವ ದೃಶ್ಯ ಮಂಗಳವಾರ ಮಧ್ಯಾಹ್ನವೇ ಜಾಲತಾಣಕ್ಕೆ ಬರುತ್ತಿತ್ತು, ಪಾತ್ರಗಳು ಒಬ್ಬರಿಗೊಬ್ಬರು ಕಳಿಸಿದ ಮೆಸೇಜುಗಳೂ ಅಲ್ಲೇ. ಪಾತ್ರಗಳಿಗೆ ಇನ್‌ಸ್ಟಾಗ್ರಾಮ್ ಖಾತೆಗಳಿದ್ದವು. ವಾರದ ಕೊನೆಗೆ ಎಲ್ಲ ತುಣುಕು ಸೇರಿ ಒಂದು ಕಂತು. ದೊಡ್ಡವರಿಗೆ ಜಾಹೀರಾತು ಕೊಡಲಿಲ್ಲ, ಹುಡುಗರು ತಾವೇ ಪತ್ತೆ ಹಚ್ಚಿದ್ದೇವೆ ಎಂಬ ಖುಷಿ ಅವರಿಗೇ ಇರಲಿ ಎಂದು. ಖಿನ್ನತೆ, ಲೈಂಗಿಕ ದೌರ್ಜನ್ಯ, ಧರ್ಮ, ಸಲಿಂಗ ಪ್ರೀತಿ, ಯಾವುದನ್ನೂ ಉಪದೇಶ ಮಾಡದೆ ಹೇಳಿತು. ಆಮೇಲೆ ಫ್ರಾನ್ಸ್, ಜರ್ಮನಿ, ಇಟಲಿ, ಸ್ಪೇನ್, ಅಮೆರಿಕ ಎಲ್ಲ ಕಡೆ ಅದರ ಸ್ಥಳೀಯ ರೂಪಗಳು ಬಂದವು. ಸುಮಾರು 55 ಲಕ್ಷ ಜನಸಂಖ್ಯೆಯ ದೇಶ ಅದು.

ನಮ್ಮಲ್ಲೂ ಎಳೆಯರ ಕೈಗೆ ಮೈಕು ಕೊಟ್ಟ ಕಾಲವಿತ್ತು. 1969ರಲ್ಲಿ ದೆಹಲಿ ಆಕಾಶವಾಣಿಯಲ್ಲಿ ಶುರುವಾಗಿ ಬೇರೆ ಕೇಂದ್ರಗಳಿಗೂ ಬಂದ 'ಯುವವಾಣಿ'ಯಲ್ಲಿ ಮಾತಾಡುವವರೂ ಯುವಕರೇ, ಕೇಳುವವರೂ ಯುವಕರೇ. ಕಾಲೇಜಿನ ಹುಡುಗ ಹುಡುಗಿಯರು ಬಸ್ಸು ಹಿಡಿದು ಆಕಾಶವಾಣಿಗೆ ಹೋಗಿ, ಕಾಗದ ಸದ್ದಾಗದಂತೆ ಪುಟ ತಿರುವುವುದನ್ನು ಕಲಿತರು. ಈಗಿನ ಹುಡುಗರಿಗೆ ಮೈಕು ಜೇಬಿನಲ್ಲೇ ಇದೆ. ಇಲ್ಲದಿರುವುದು ಅವರು ಮಾಡಿದ್ದನ್ನು ತಿದ್ದುವ ಹಿರಿಯರು, ದುಡ್ಡು ಕೊಡುವ ಸಂಸ್ಥೆ, ಬೈಗುಳದಿಂದ ಕಾಯುವ ಜಾಗ.

ಹಾಗಾದರೆ ಮುಂದೇನು? ಎಳೆಯರು ಇರುವ ಕಡೆಗೆ ಹೋಗದೆ ಬೇರೆ ದಾರಿಯಿಲ್ಲ. ಬ್ರಿಟನ್ನಿನ ಮಾಧ್ಯಮ ನಿಯಂತ್ರಕ ಆಫ್‌ಕಾಮ್ 2025ರ ಜುಲೈನಲ್ಲಿ ಒಂದು ಮಹತ್ವದ ಮಾತು ಹೇಳಿತು: ಸಾರ್ವಜನಿಕ ಸೇವಾ ವಾಹಿನಿಗಳ ಕಾರ್ಯಕ್ರಮಗಳು ಯೂಟ್ಯೂಬಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವಂತಿರಬೇಕು, ಅದಕ್ಕೆ ನ್ಯಾಯವಾದ ಪಾಲು ಸಿಗಬೇಕು, ಬೇಕಾದರೆ ಸರ್ಕಾರ ಕಾನೂನು ತರಬೇಕು. ನಮ್ಮಲ್ಲಿ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಎಂಬ ತನ್ನದೇ ಆ್ಯಪ್ ತಂದಿದೆ. ಆ್ಯಪ್ ಇರಲಿ. ಆದರೆ ಮಗು ಆ್ಯಪ್ ಹುಡುಕಿಕೊಂಡು ಬರುವುದಿಲ್ಲ, ಇದ್ದಲ್ಲೇ ಕಂಡದ್ದನ್ನು ಒತ್ತುತ್ತದೆ. ಅಲ್ಲಿ ಒಳ್ಳೆಯದು ಕಾಣುವಂತೆ ಮಾಡುವುದು ದೊಡ್ಡ ಕಂಪನಿಗಳ ಜೊತೆ ಸರ್ಕಾರ ಕೂತು ಆಡಬೇಕಾದ ಮಾತು, ಒಬ್ಬ ತಾಯಿ ಒಬ್ಬಳೇ ಮಾಡಬಹುದಾದ ಕೆಲಸವಲ್ಲ.

ಎರಡನೆಯ ಮಾತು ಹಣದ್ದು. 2023ರಲ್ಲಿ ಕೇಂದ್ರ ಸರ್ಕಾರ ಆಕಾಶವಾಣಿ, ದೂರದರ್ಶನಗಳಿಗೆ 2,539 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೆಸರಿನಲ್ಲೇ ಇರುವಂತೆ ಅದು ಮೂಲಸೌಕರ್ಯ ಮತ್ತು ಜಾಲದ ಅಭಿವೃದ್ಧಿಯದ್ದು. ಗೋಪುರ, ಟ್ರಾನ್ಸ್‌ಮಿಟರ್ ಬೇಕು, ಅದರ ತಕರಾರಿಲ್ಲ. ಗೋಪುರ ಎತ್ತರವಾದಷ್ಟೂ ಅದರಿಂದ ಮಕ್ಕಳಿಗೆ ಏನು ಹೋಗುತ್ತದೆ ಎಂಬ ಪ್ರಶ್ನೆ ದೊಡ್ಡದಾಗುತ್ತದೆ. 1955ರಲ್ಲಿ ಹುಟ್ಟಿದ ಮಕ್ಕಳ ಚಲನಚಿತ್ರ ಸಂಘ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು. ಮಕ್ಕಳ ಹೆಸರಿನ ಒಂದು ಬೋರ್ಡು ಕಡಿಮೆಯಾಯಿತು. ರಾಜ್ಯ ಸರ್ಕಾರ ಕನ್ನಡದ ಮಕ್ಕಳ ಚಿತ್ರಗಳಿಗೆ ಸಹಾಯಧನ ಕೊಡುತ್ತ ಬಂದಿದೆ. ಒಳ್ಳೆಯ ಕೆಲಸ. ಆ ಸಹಾಯ ಧಾರಾವಾಹಿಗೆ, ಅನಿಮೇಷನ್ನಿಗೆ, ಕೇಳುವ ಕಥೆಗಳಿಗೂ ಸಿಗಬೇಕು. ಬ್ರಿಟನ್ನಿನ ನಿಧಿಯ ಮಾದರಿಯಲ್ಲಿ, ಎಲ್ಲರಿಗೂ ಪುಕ್ಕಟೆಯಾಗಿ ಸಿಗುವ ಕಡೆ ಪ್ರಸಾರವಾಗಬೇಕು ಎಂಬ ಷರತ್ತಿನ ಮೇಲೆ.

ಕೊಡುವ ಕೈ ಸರ್ಕಾರದ್ದಾದಾಗ ಒಂದು ಭಯ ಇದ್ದೇ ಇರುತ್ತದೆ. ಮಕ್ಕಳ ಕಾರ್ಯಕ್ರಮ ಎಂದು ಯೋಜನೆಗಳ ಪ್ರಚಾರ ತುಂಬಿಬಿಡಬಹುದು. ಕೊಟ್ಟ ಕೈ ಕಸಿದುಕೊಳ್ಳಲೂಬಹುದು. ಅಮೆರಿಕದಲ್ಲಿ 1969ರಲ್ಲಿ ಫ್ರೆಡ್ ರೋಜರ್ಸ್ ಎಂಬ ಮಕ್ಕಳ ಕಾರ್ಯಕ್ರಮದ ನಿರೂಪಕ ಸೆನೆಟ್ ಸಮಿತಿಯ ಮುಂದೆ ಕೂತು ಮೆದುವಾಗಿ ಆಡಿದ ಕೆಲವು ನಿಮಿಷದ ಮಾತು ಸಾರ್ವಜನಿಕ ಟೀವಿಯ 2 ಕೋಟಿ ಡಾಲರ್ ಉಳಿಸಿತ್ತು. 2025ರ ಜುಲೈನಲ್ಲಿ ಅದೇ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆಂದು ಮೊದಲೇ ಮಂಜೂರಾಗಿದ್ದ 110 ಕೋಟಿ ಡಾಲರನ್ನು ಹಿಂಪಡೆಯಿತು, ಆಮೇಲೆ ಹಣ ಹಂಚುತ್ತಿದ್ದ ನಿಗಮ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಮಕ್ಕಳ ಕಲಿಕೆಯ ಕಾರ್ಯಕ್ರಮಗಳಿಗೆ ಶಿಕ್ಷಣ ಇಲಾಖೆ ಕೊಡುತ್ತಿದ್ದ ಅನುದಾನ ಅದಕ್ಕೂ ಎರಡು ತಿಂಗಳ ಹಿಂದೆಯೇ ನಿಂತಿತ್ತು. ಅದಕ್ಕೇ ನಿಧಿ ಹಂಚುವವರು ಮಂತ್ರಿಯ ಕೈಕೆಳಗಿನವರಾಗಿರಬಾರದು. ಮಕ್ಕಳ ಸಾಹಿತ್ಯ ಬರೆಯುವವರು, ನಲಿ-ಕಲಿ ತರಗತಿಯ ಶಿಕ್ಷಕರು, ರಂಗಭೂಮಿಯವರು, ಹದಿನಾರರ ಒಂದಿಬ್ಬರು ಅಲ್ಲಿ ಕೂರಬೇಕು. ಹಣ ವರ್ಷ ವರ್ಷದ ಭಿಕ್ಷೆಯಾಗಿರದೆ ಐದು ವರ್ಷಕ್ಕೆ ಒಮ್ಮೆಲೇ ಗೊತ್ತಾಗಬೇಕು.

ಎಲ್ಲಿಂದ ಶುರು ಮಾಡಬೇಕು ಎಂದು ನನ್ನನ್ನು ಕೇಳಿದರೆ, ಧ್ವನಿಯಿಂದ ಎನ್ನುತ್ತೇನೆ. ಅನಿಮೇಷನ್ನಿಗೆ ಕೋಟಿ ಬೇಕು, ಕೇಳುವ ನಾಟಕಕ್ಕೆ ಬೇಕಾದದ್ದು ನಾಲ್ಕು ಒಳ್ಳೆಯ ಕಂಠ, ಒಬ್ಬ ಬರಹಗಾರ್ತಿ, ಒಂದು ಸ್ಟುಡಿಯೊ. ಸ್ಕ್ರೀನ್ ಜಾಸ್ತಿಯಾಯಿತು ಎಂದು ಕೊರಗುವ ಅಪ್ಪ ಅಮ್ಮನೂ ಕಥೆ ಕೇಳಿಸಲು ಹಿಂದೆಮುಂದೆ ನೋಡುವುದಿಲ್ಲ. ಸ್ಟುಡಿಯೊಗಳು ನಮ್ಮಲ್ಲಿ ಆಗಲೇ ಇವೆ: ಬೆಂಗಳೂರು, ಧಾರವಾಡ, ಮೈಸೂರು, ಕಲಬುರಗಿ, ಮಂಗಳೂರು, ಭದ್ರಾವತಿ, ಮಡಿಕೇರಿ, ರಾಯಚೂರು, ಕಾರವಾರ, ಹಾಸನ, ಚಿತ್ರದುರ್ಗ, ಹೊಸಪೇಟೆ, ವಿಜಯಪುರ. ಒಂದೊಂದು ಆಕಾಶವಾಣಿ ಕೇಂದ್ರವೂ ತನ್ನ ಸೀಮೆಯ ಕನ್ನಡದಲ್ಲಿ, ಮಂಗಳೂರು ತುಳುವಿನಲ್ಲೂ, ಮಡಿಕೇರಿ ಕೊಡವ ತಕ್ಕಿನಲ್ಲೂ, ವಾರಕ್ಕೊಂದು ಹೊಸ ಮಕ್ಕಳ ಕಥೆ ಮಾಡಿದರೂ ವರ್ಷಕ್ಕೆ ಆರುನೂರಕ್ಕೂ ಹೆಚ್ಚು ಕಥೆಗಳಾಗುತ್ತವೆ. ರೇಡಿಯೊದಲ್ಲಿ ಒಮ್ಮೆ ಬಂದು ಗಾಳಿಗೆ ಹೋಗುವ ಬದಲು ಅವು ಫೋನಿನಲ್ಲಿ ಯಾವಾಗ ಬೇಕಾದರೂ ಸಿಗಬೇಕು. ಆಗ ಕಾಸರಗೋಡಿನ ಕನ್ನಡ ಶಾಲೆಗೂ, ಸೊಲ್ಲಾಪುರದ ಮನೆಗೂ, ಅಮೆರಿಕದಲ್ಲಿ ವಾರಾಂತ್ಯಕ್ಕೆ ಕನ್ನಡ ಕಲಿ ತರಗತಿ ನಡೆಸುವ ತಾಯಂದಿರಿಗೂ ಅವೇ ಕಥೆಗಳು ತಲುಪುತ್ತವೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 12ನೇ ಕಲಮು ಇದೆ, ಅಂಕಿ ಸೇರಿಸಬೇಕು. 14 ವರ್ಷದೊಳಗಿನವರಿಗೆ ಮತ್ತು 14ರಿಂದ 20ರವರಿಗೆ ಪಾಠವಲ್ಲದ ಹೊಸ ಕಾರ್ಯಕ್ರಮ ಕನ್ನಡದಲ್ಲಿ ಎಷ್ಟು ಗಂಟೆ ತಯಾರಾಯಿತು, ಎಷ್ಟು ಖರ್ಚಾಯಿತು ಎಂದು ಪ್ರಸಾರ ಭಾರತಿ ತನ್ನ ವಾರ್ಷಿಕ ವರದಿಯಲ್ಲಿ ಚಂದನ ಮತ್ತು ಆಕಾಶವಾಣಿಗೆ ಬೇರೆ ಬೇರೆಯಾಗಿ ಪ್ರಕಟಿಸಲಿ. ಆ ವರದಿ ಪ್ರತಿವರ್ಷ ಸಂಸತ್ತಿನ ಮುಂದೆ ಬರುತ್ತದೆ. ಕರ್ನಾಟಕದಿಂದ ಲೋಕಸಭೆಗೆ 28 ಸದಸ್ಯರು, ರಾಜ್ಯಸಭೆಗೆ 12 ಸದಸ್ಯರು ಹೋಗುತ್ತಾರೆ. ಅವರಲ್ಲಿ ಒಬ್ಬರು ಮುಂದಿನ ಅಧಿವೇಶನದಲ್ಲಿ ಈ ಅಂಕಿಯನ್ನು ಕೇಳಲಿ.